ಎರಡು ವರ್ಷ ತುಂಬದ ಪಾಪುವನ್ನು ವಂಡರ್‌ಲಾಗೆ ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ದಾವಣಗೆರೆ. ದೊಡ್ಡ ಮಗನಿಗೆ ಐದು ವರ್ಷ, ಎತ್ತರ 106 ಸೆಂ.ಮೀ. ಚಿಕ್ಕವಳಿಗೆ ಒಂದು ವರ್ಷ ಹತ್ತು ತಿಂಗಳು, 81 ಸೆಂ.ಮೀ., ಹತ್ತೂವರೆ ಕೆ.ಜಿ. ದಸರಾ ರಜೆಗೆ ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗಲೇಬೇಕೆಂದು ದೊಡ್ಡವನ ಹಟ. ಚಿತ್ರದುರ್ಗದಲ್ಲಿರುವ ನಮ್ಮ ನಾದಿನಿಯನ್ನೂ ಅವರ ಎಂಟು ವರ್ಷದ ಮಗನನ್ನೂ (120 ಸೆಂ.ಮೀ.) ದಾರಿಯಲ್ಲಿ ಹತ್ತಿಸಿಕೊಳ್ಳುತ್ತೇವೆ. ಅತ್ತೆಯೂ ಬರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಕಾರಲ್ಲಿ ಹೊರಟು ರಾತ್ರಿಯೇ ವಾಪಸ್ ಬಂದುಬಿಡೋಣ ಅಂತಾರೆ ನಮ್ಮ ಮನೆಯವರು. ದೊಡ್ಡವನಿಗೆ ಹಿರಿಯೂರು ದಾಟುವುದರೊಳಗೆ ವಾಂತಿ ಶುರುವಾಗುತ್ತೆ. ಆ ನೀರಿಗೆ ಇಳಿಸಿದರೆ ಶೀತ ಎದೆಗೆ ಇಳಿದು ನ್ಯುಮೋನಿಯಾ ಆಗುತ್ತೆ ಅಂತ ಅತ್ತೆ ಹೇಳ್ತಾರೆ. ತೋಳಿಗೆ ಗಾಳಿ ಟ್ಯೂಬ್ ಹಾಕಿದ್ರೆ ಸಾಕು, ಅಮ್ಮ (ನಮ್ಮ ಅತ್ತೆ) ದಡದಲ್ಲಿ ಕೂತು ನೋಡ್ಕೊಂತಾಳೆ ಅಂತ ನಾದಿನಿ. ದೊಡ್ಡ ರೈಡ್ ಕಂಡ್ರೆ ನನಗೇ ಭಯ. ದಾರಿಯಲ್ಲಿ ಪಾಪು ಮಲಗಲಿ ಅಂತ ನೆಗಡಿ ಸಿರಪ್ ಕೊಡಬಹುದಾ? ಡಯಾಪರ್ ಹಾಕಿ ನೀರಿಗೆ ಇಳಿಸಬಹುದಾ? ಪಾಪುವಿಗೆ ಕಿವಿ ಚುಚ್ಚಿಸಿ ಎರಡು ವಾರ ಆಗಿದೆ, ಅದಕ್ಕೇನಾದರೂ ತೊಂದರೆಯಾ? ಹೋಗೋದಾ, ಬಿಡೋದಾ ಹೇಳಿ.

ಉತ್ತರ: ಹೋಗಬಹುದು. ಆದರೆ ಬೆಳಗಿನ ಜಾವ ಹೊರಟು ರಾತ್ರಿಯೇ ವಾಪಸ್ ಎನ್ನುವ ಲೆಕ್ಕಕ್ಕೆ ನನ್ನ ಒಪ್ಪಿಗೆ ಇಲ್ಲ. ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರ ಓದಿದರೆ ಮನೆಮಂದಿಯ ಭಯ ಎರಡಕ್ಕೆ: ತಲೆಕೆಳಗಾಗಿ ಸುತ್ತುವ ದೊಡ್ಡ ರೈಡ್‌ಗಳಿಗೆ, ಮತ್ತು ತಣ್ಣೀರಿಗೆ. ದೊಡ್ಡ ರೈಡ್‌ಗಳ ಹತ್ತಿರಕ್ಕೂ ನಿಮ್ಮ ಮಕ್ಕಳನ್ನು ಬಿಡುವುದಿಲ್ಲ. ತಣ್ಣೀರಿನಿಂದ ಆಗುವುದು ಸಣ್ಣ ತೊಂದರೆ. ಯಾರೂ ಹೆದರದ ಜಾಗ ಒಂದಿದೆ, ಮಕ್ಕಳಿಗೆಂದೇ ಕಟ್ಟಿದ ಮೊಣಕಾಲುದ್ದದ ಕೊಳ. ಇಲ್ಲೇನಾಗುತ್ತೆ ಬಿಡು ಎಂದು ದೊಡ್ಡವರು ನಿರಾಳವಾಗಿ ಫೋನ್ ತೆಗೆಯುವುದು ಅಲ್ಲೇ. ಮಕ್ಕಳ ವೈದ್ಯರಿಗೆ ಭಯ ಇರುವುದು ಆ ಕೊಳದ್ದು. ಆಮೇಲೆ ಬಿಸಿಲು, ನಿದ್ದೆಗೇಡು, ಹೊಟ್ಟೆಗೆ ಹೋಗುವ ನೀರು. ರೋಲರ್ ಕೋಸ್ಟರ್ ನನ್ನ ಪಟ್ಟಿಯ ಕೊನೆಯಲ್ಲಿದೆ.

ಗೆರೆಯ ಕೋಲು ಯಾಕಿದೆ

ಇಂಥ ಪಾರ್ಕುಗಳಲ್ಲಿ ವಯಸ್ಸಿಗೆ ಬೆಲೆ ಇಲ್ಲ, ಎತ್ತರಕ್ಕೆ ಬೆಲೆ. ಅದನ್ನು ಅಳೆಯಲೆಂದೇ ರೈಡ್‌ಗಳ ಮುಂದೆ ಗೆರೆ ಹಾಕಿದ ಕೋಲು ನಿಲ್ಲಿಸಿರುತ್ತಾರೆ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಮೇಲ್ಪಟ್ಟು ದೊಡ್ಡವರ ಟಿಕೆಟ್. ನಿಮ್ಮ ಪಾಪುವಿಗೆ ದುಡ್ಡಿಲ್ಲ. ಹೆಚ್ಚಿನ ರೈಡ್‌ಗಳೂ ಇಲ್ಲ. ಅವಳ ಪಾಲಿಗೆ ಬರುವುದು ಮಕ್ಕಳ ವಿಭಾಗದ ನಿಧಾನ ಸುತ್ತುವ ಒಂದೆರಡು ರೈಡ್ ಮತ್ತು ಕಿರುಕೊಳ. ಐದು ವರ್ಷದವನಿಗೆ ಮಕ್ಕಳ ರೈಡ್‌ಗಳು ಹೆಚ್ಚಿನವು ಸಿಗುತ್ತವೆ. ಎಂಟು ವರ್ಷದವನದೇ ಪೇಚು. ದೊಡ್ಡ ರೈಡ್‌ಗಳ ಗೆರೆ ಸಾಮಾನ್ಯವಾಗಿ 120ರಿಂದ 140ರ ನಡುವೆ ಇರುತ್ತದೆ, ಅವನು ಸರಿಯಾಗಿ ಅಂಚಿನಲ್ಲಿದ್ದಾನೆ.

ಅವನನ್ನು ಮನೆಯಲ್ಲೇ ಇನ್ನೊಮ್ಮೆ ಅಳೆಯಿರಿ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿಯೂ ಬೆನ್ನೂ ಗೋಡೆಗೆ ತಾಗುವಂತೆ ನಿಲ್ಲಿಸಿ, ಮುಖ ನೇರ ಇರಲಿ. ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ತಲೆಯ ಮೇಲೆ ಇಳಿಸಿ ಪೆನ್ಸಿಲ್ ಗೆರೆ ಎಳೆಯಿರಿ. ಅಳೆಯುವುದು ಮಧ್ಯಾಹ್ನದ ಮೇಲೆ. ಬೆನ್ನುಮೂಳೆಯ ನಡುವಿನ ಮೆತ್ತನೆ ಬಿಲ್ಲೆಗಳು ದಿನವಿಡೀ ಒತ್ತಿಕೊಳ್ಳುವುದರಿಂದ ಬೆಳಗಿನ ಎತ್ತರಕ್ಕಿಂತ ಸಂಜೆಯದು ಅರ್ಧದಿಂದ ಒಂದು ಸೆಂ.ಮೀ. ಕಡಿಮೆ ಬರುತ್ತದೆ. ಬೆಳಿಗ್ಗೆ 120 ಇದ್ದ ಹುಡುಗ ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತು, ಸಂಜೆ ನಾಲ್ಕಕ್ಕೆ ಗೆರೆ ಮುಟ್ಟದೆ ಅಳುತ್ತಾ ವಾಪಸ್ ಬರಬಹುದು. ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಪಾರ್ಕಿನ ವೆಬ್‌ಸೈಟ್ ನೋಡಿ ಊರಲ್ಲೇ ಅವನಿಗೆ ಹೇಳಿಬಿಡಿ.

ಗೇಟಿನ ಹುಡುಗನ ಜೊತೆ "ಎರಡು ಸೆಂಟಿಮೀಟರ್ ತಾನೆ, ನಾನು ಪಕ್ಕದಲ್ಲೇ ಕೂರ್ತೀನಿ" ಎಂದು ವಾದಿಸುವವರನ್ನು ಎಲ್ಲ ಪಾರ್ಕಿನಲ್ಲೂ ನೋಡಬಹುದು. ಪಕ್ಕದಲ್ಲಿ ಕೂರುವುದೇ ಕೆಲವೊಮ್ಮೆ ಅಪಾಯ. ಇಬ್ಬರಿಗೆ ಒಂದೇ ಸರಳು ಬರುವ ಸೀಟಿನಲ್ಲಿ ಆ ಸರಳು ದಪ್ಪ ತೊಡೆಗೆ ತಾಗಿ ಅಲ್ಲಿಗೇ ನಿಲ್ಲುತ್ತದೆ. ಮಗುವಿನ ತೊಡೆಯ ಮೇಲೆ ಒಂದು ಗೇಣು ಜಾಗ ಖಾಲಿ ಉಳಿಯುತ್ತದೆ. ಜಗ್ಗಿದಾಗ ಮಗು ಆ ಸಂದಿಯಲ್ಲಿ ಮುಂದಕ್ಕೆ ಜಾರುತ್ತದೆ. ಚಿಕ್ಕ ಮಕ್ಕಳ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಕತ್ತಿನ ಸ್ನಾಯು ಇನ್ನೂ ಬಲಿತಿರುವುದಿಲ್ಲ; ದೊಡ್ಡವರಿಗೆ ಖುಷಿ ಕೊಡುವ ಎಳೆತ ಅವರ ಕತ್ತಿಗೆ ಪೆಟ್ಟಾಗುತ್ತದೆ. ಊರ ಜಾತ್ರೆಗೆ ಬರುವ ಟೊರಟೊರ, ಕೊಲಂಬಸ್‌ಗಳ ಮುಂದೆ ಇಂಥ ಕೋಲು ಇರುವುದು ಅಪರೂಪ. ಅಲ್ಲಿ ಹತ್ತಿಸಿದ್ದೆವು, ಏನೂ ಆಗಲಿಲ್ಲ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗೆರೆಯ ಕೋಲಿಗೆ ಸಿಗದ ಪೆಟ್ಟು ಇನ್ನೊಂದಿದೆ. ಪಾಪು ಒಬ್ಬಳೇ ಜಾರಬಾರದು ಎಂದು ತೊಡೆ ಮೇಲೆ ಕೂರಿಸಿಕೊಂಡು ಜಾರುಬಂಡೆ ಇಳಿಯುತ್ತೇವಲ್ಲ, ಅದು. ಅರ್ಧ ದಾರಿಯಲ್ಲಿ ಮಗುವಿನ ಅಂಗಾಲು ಅಂಚಿಗೆ ತಾಗಿ ಕಚ್ಚಿಕೊಳ್ಳುತ್ತದೆ. ಒಬ್ಬಳೇ ಇದ್ದರೆ ಅಲ್ಲೇ ನಿಂತುಬಿಡುತ್ತಾಳೆ. ಹಿಂದೆ ಅರವತ್ತು ಕೆ.ಜಿ. ಭಾರ ಇಳಿಯುತ್ತಿರುವಾಗ ಕಾಲು ಅಲ್ಲೇ ಉಳಿದು ಮೈ ಮುಂದೆ ಹೋಗುತ್ತದೆ, ಮೊಣಕಾಲ ಕೆಳಗಿನ ಮೂಳೆ ತಿರುಚಿ ಬಿರುಕು ಬಿಡುತ್ತದೆ. ಊತ ಕಾಣದು, ಮಗು ಆ ಕಾಲು ಊರಲು ಒಪ್ಪುವುದಿಲ್ಲ ಅಷ್ಟೆ. ನಮ್ಮಲ್ಲಿಗೆ ಬರುವಾಗ "ಕಾಲು ಜೋಮು ಹಿಡಿದಿರಬೇಕು" ಎಂದುಕೊಂಡು ಎರಡು ದಿನ ಕಳೆದಿರುತ್ತಾರೆ. ಚಿಕ್ಕ ಜಾರುಬಂಡೆಯಾದರೆ ಪಕ್ಕದಲ್ಲಿ ನಿಂತು ಕಂಕುಳಲ್ಲಿ ಕೈ ಹಾಕಿ ಜಾರಿಸಿ. ಅಷ್ಟೂ ಆಗದಷ್ಟು ಎತ್ತರವಾದರೆ ಅದು ಅವಳಿಗಲ್ಲ.

ಕಾಲ್ಗೆಜ್ಜೆ, ಕೊರಳ ತಾಯತ, ಬಳೆ ಎಲ್ಲವನ್ನೂ ಊರಲ್ಲೇ ಬಿಚ್ಚಿಡಿ. ಗೆಜ್ಜೆ ಜಾರುಬಂಡೆಯ ಜೋಡಣೆಗೆ ಸಿಕ್ಕಿಕೊಳ್ಳುತ್ತದೆ. ತಾಯತದ ದಾರ ಎಲ್ಲಾದರೂ ಸಿಕ್ಕರೆ ಕುತ್ತಿಗೆಗೆ ಉರುಳು. ಅತ್ತೆಯವರು ಬೇಡ ಎಂದರೆ ಆ ಒಂದು ದಿನಕ್ಕೆ ತಾಯತ ಅವರ ಕೈಚೀಲದಲ್ಲೇ ಇರಲಿ.

ಮೊಣಕಾಲುದ್ದದ ನೀರು

ಮುಳುಗುವ ಮಗು ಕೂಗುತ್ತದೆ, ಕೈಕಾಲು ಬಡಿಯುತ್ತದೆ, ನಮಗೆ ಕೇಳಿಸುತ್ತದೆ ಎಂದುಕೊಂಡಿದ್ದೇವೆ. ಹಾಗಾಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರೆಳೆಯುವುದೇ ಕಷ್ಟ, ಕೂಗುವುದೆಲ್ಲಿ? ಎರಡು ವರ್ಷದ ಮಗು ಎಡವಿ ಮುಖ ಕೆಳಗಾಗಿ ಬಿದ್ದರೆ ತಲೆ ಭಾರವಾಗಿರುವುದರಿಂದ ತಾನಾಗಿ ಏಳಲು ಬರುವುದಿಲ್ಲ. ಗೇಣುದ್ದದ ನೀರು ಸಾಕು, ಒಂದೆರಡು ನಿಮಿಷ ಸಾಕು. ಸುತ್ತ ನೂರು ಜನ, ಹಾಡಿನ ಗದ್ದಲ, ಜೀವರಕ್ಷಕ ಸಿಬ್ಬಂದಿ ಎಲ್ಲ ಇದ್ದೂ ಇದು ಆಗುತ್ತದೆ. ಒಬ್ಬ ಸಿಬ್ಬಂದಿ ನೋಡಬೇಕಾದ ತಲೆಗಳು ಹತ್ತಾರು.

ಗಾಳಿ ತುಂಬುವ ತೋಳಿನ ಟ್ಯೂಬು ಆಟದ ಸಾಮಾನು, ರಕ್ಷಣೆಯ ಸಾಮಾನಲ್ಲ. ಒದ್ದೆ ತೋಳಿನಿಂದ ಜಾರುತ್ತದೆ, ಬಿರಡೆ ಸಡಿಲವಾದರೆ ಗಾಳಿ ಇಳಿಯುತ್ತದೆ. ಸೊಂಟದ ರಿಂಗು ಇನ್ನೂ ಕೆಟ್ಟದ್ದು. ಮಗು ಬುಡಮೇಲಾದರೆ ಕಾಲು ಮೇಲೆ, ತಲೆ ನೀರೊಳಗೆ, ರಿಂಗು ಅದನ್ನು ಹಾಗೇ ಹಿಡಿದಿಡುತ್ತದೆ. ಬೇಕಿದ್ದರೆ ಪಾರ್ಕಿನಲ್ಲಿ ಸಿಗುವ ಲೈಫ್ ಜಾಕೆಟ್ ಹಾಕಿಸಿ. ತೊಡಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡಿ. ಜಾಕೆಟ್ ಗಲ್ಲದವರೆಗೆ ಏರಿದರೆ ಅಳತೆ ದೊಡ್ಡದಾಯಿತು, ಬದಲಾಯಿಸಿ.

ಇನ್ನು ದಡದಲ್ಲಿ ಕೂತು ನೋಡಿಕೊಳ್ಳುವ ಮಾತು. ಇಂಥ ಕೊಳಗಳಿಗೆ ನೈಲಾನ್, ಲೈಕ್ರಾ ಬಟ್ಟೆಯವರನ್ನು ಮಾತ್ರ ಬಿಡುತ್ತಾರೆ. ಹತ್ತಿಯ ನೂಲು ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ನೀರು ಹೀರಿದ ಬಟ್ಟೆ ಭಾರವಾಗಿ ಜಗ್ಗುತ್ತದೆ. ಸೀರೆ ಉಟ್ಟ ಅತ್ತೆ ನೀರಿಗೆ ಇಳಿಯುವಂತಿಲ್ಲ. ಮಗು ಬಿದ್ದದ್ದು ಅವರಿಗೆ ಕಾಣುತ್ತದೆ, ಆದರೆ ಕೈಗೆ ಎಟುಕುವುದಿಲ್ಲ. ಆದ್ದರಿಂದ ಅವರು ಚೀಲ, ಫೋನು ಮತ್ತು ನಿದ್ದೆ ಬಂದ ಮಗುವಿನ ಜವಾಬ್ದಾರಿ ಹೊರಲಿ. ನೀರಿಗೆ ನೀವು, ನಿಮ್ಮ ಮನೆಯವರು, ನಾದಿನಿ, ಮೂವರು. ಮಕ್ಕಳೂ ಮೂವರು. ಒಬ್ಬರಿಗೆ ಒಬ್ಬರು ಎಂದು ಹೆಸರು ಹಿಡಿದು ಹಂಚಿಕೊಳ್ಳಿ. ಎಲ್ಲರೂ ನೋಡ್ತಾ ಇದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಪಾಪುವಿನ ಪಾಲಿಗೆ ಬಂದವರು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಇರಬೇಕು, ಫೋನ್ ಲಾಕರ್‌ನಲ್ಲಿ ಇರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಪಾಳಿ ಬದಲಾಯಿಸಿ, "ಈಗ ನಿಂದು" ಎಂದು ಬಾಯಿಬಿಟ್ಟು ಹೇಳಿಯೇ ಬಿಡಿ.

ಈಜುಡುಗೆ ಕೊಳ್ಳುವಾಗ ನೀಲಿ, ಬಿಳಿ, ಬೂದು ಬಣ್ಣ ಬೇಡ. ಕೊಳದ ತಳವೂ ಸಾಮಾನ್ಯವಾಗಿ ನೀಲಿಯೇ. ನೀರೊಳಗೆ ಹೋದರೆ ಆ ಬಣ್ಣದ ಬಟ್ಟೆ ಮಾಯ. ಕಣ್ಣು ಕೋರೈಸುವ ಕಿತ್ತಳೆ ಅಥವಾ ಗಾಢ ಗುಲಾಬಿ ತನ್ನಿ. ತುಂಬುತೋಳಿನದಾದರೆ ಬಿಸಿಲಿಗೂ ಆಯಿತು. ಅಲೆಗಳ ಕೊಳಕ್ಕೆ ಪಾಪುವನ್ನು ಒಯ್ಯಬೇಡಿ. ಅಲೆ ಎತ್ತಿಕೊಂಡವರ ಕಾಲನ್ನೇ ಕೀಳುತ್ತದೆ, ಬಿದ್ದರೆ ಇಬ್ಬರೂ ಬೀಳುತ್ತೀರಿ. ಐದು ವರ್ಷದವನು ಅಂಚಿನಲ್ಲಿ ಕೂತು ಕಾಲು ತೋಯಿಸಿಕೊಳ್ಳಲಿ, ಅಲೆ ನಿಲ್ಲಿಸುವ ಸೀಟಿ ಕೇಳುವವರೆಗೆ ಕೈ ಬಿಡಬೇಡಿ.

ಹೇಳಬಾರದು, ಆದರೂ ಹೇಳಬೇಕು: ನೀರಿನಿಂದ ತೆಗೆದ ಮಗು ಉಸಿರಾಡುತ್ತಿಲ್ಲದಿದ್ದರೆ ತಲೆಕೆಳಗು ಹಿಡಿಯುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಮಾಡಬಾರದು. ಅದರಲ್ಲಿ ಸಮಯ ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಮೂಗು ಹಿಂಡಿ ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏರುವಷ್ಟು ಉಸಿರು ಕೊಡಿ, ನಂತರ ಎದೆಯ ನಡುವೆ ಒತ್ತಿ. 30 ಒತ್ತಿಗೆ 2 ಉಸಿರು. ಸಿಬ್ಬಂದಿಯನ್ನು ಕೂಗಿ, 108ಕ್ಕೆ ಇನ್ನೊಬ್ಬರು ಕರೆ ಮಾಡಲಿ. ಸ್ವಲ್ಪ ನೀರು ಕುಡಿದು ಕೆಮ್ಮಿ, ಐದು ನಿಮಿಷದಲ್ಲಿ ಮತ್ತೆ ಆಡತೊಡಗಿದ ಮಗುವಿಗೆ ಏನೂ ಆಗಿರುವುದಿಲ್ಲ. "ಒಣ ಮುಳುಗಡೆ"ಯಿಂದ ವಾರದ ನಂತರ ಮಗು ಸಾಯುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಂಬಬೇಡಿ, ಅಂಥ ಕಾಯಿಲೆಯೇ ಇಲ್ಲ. ಆದರೆ ಕೆಮ್ಮು ನಿಲ್ಲದಿದ್ದರೆ, ಉಸಿರು ಜೋರಾದರೆ, ಹೊತ್ತಲ್ಲದ ಹೊತ್ತಿನಲ್ಲಿ ಮಂಕಾಗಿ ಮಲಗಿದರೆ ಅಂದೇ ಆಸ್ಪತ್ರೆಗೆ ತೋರಿಸಿ.

ಶೀತ, ಡಯಾಪರ್, ಹೊಟ್ಟೆಗೆ ಹೋಗುವ ನೀರು

ಅತ್ತೆಯವರ ಮಾತಿಗೆ ಬರೋಣ. ನೆಗಡಿಯೂ ನ್ಯುಮೋನಿಯಾವೂ ಸೋಂಕಿನಿಂದ ಬರುವಂಥವು, ತಣ್ಣೀರಿನಿಂದಲ್ಲ. ನೀರಾಟ ಆಡಿದ ರಾತ್ರಿಯೇ ಜ್ವರ ಬಂದರೆ ಆ ಸೋಂಕು ಒಂದೆರಡು ದಿನ ಮೊದಲೇ, ಅಂಗನವಾಡಿಯಲ್ಲೋ ಮದುವೆ ಮನೆಯಲ್ಲೋ ತಗುಲಿರುತ್ತದೆ. ಎರಡು-ಮೂರು ದಿನ ಬಿಟ್ಟು ಬಂದರೆ ಪಾರ್ಕಿನ ಜನಜಂಗುಳಿಯಿಂದ ಬಂದಿರಬಹುದು, ನೀರಿನಿಂದಲ್ಲ. ಹಾಗಂತ ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಹತ್ತು ಕೆ.ಜಿ.ಯ ಮೈ ನೀರಿನಲ್ಲಿ ನಮಗಿಂತ ಬಹಳ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಪಾಪುವಿಗೆ ಒಂದು ಸಲಕ್ಕೆ ಹದಿನೈದು-ಇಪ್ಪತ್ತು ನಿಮಿಷ ಸಾಕು. ತುಟಿ ನೀಲಿಗಟ್ಟಿದರೆ, ಗಲ್ಲ ನಡುಗಿದರೆ ಆ ಕ್ಷಣವೇ ಎತ್ತಿ, ಒದ್ದೆ ಬಟ್ಟೆ ಬಿಚ್ಚಿ ಒಣ ಟವಲ್ ಸುತ್ತಿ. ದಸರೆ ಹೊತ್ತಿಗೆ ಮಧ್ಯಾಹ್ನ ಮೋಡ ಕವಿದು ಮಳೆ ಬರುವುದುಂಟು, ಆಗ ನೀರಾಟ ಮುಗಿಯಿತೆಂದೇ ತಿಳಿಯಿರಿ. ಪದೇ ಪದೇ ವೀಝಿಂಗ್ ಬರುವ ಮಗುವಾದರೆ ಇನ್‌ಹೇಲರ್ ಚೀಲದಲ್ಲಿರಲಿ.

ಆ ನೀರಿನಿಂದ ಬರುವ ನಿಜವಾದ ತೊಂದರೆ ಭೇದಿ. ಸರಿಯಾಗಿ ಕ್ಲೋರಿನ್ ಹಾಕಿದ ಕೊಳದಲ್ಲಿ ಇ. ಕೋಲಿಯಂಥ ರೋಗಾಣು ನಿಮಿಷದೊಳಗೆ ಸಾಯುತ್ತದೆ. ಜಿಯಾರ್ಡಿಯಾ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬುದು ಮಾತ್ರ ಒಂದು ವಾರಕ್ಕೂ ಹೆಚ್ಚು ಬದುಕಿರುತ್ತದೆ. ಅಂದರೆ ಭೇದಿಯಿರುವ ಒಂದು ಮಗು ಇಡೀ ಕೊಳಕ್ಕೆ ಸಾಕು. ನಿಮ್ಮ ಮಕ್ಕಳಿಗೆ ಹಿಂದಿನ ಎರಡು ವಾರದಲ್ಲಿ ಭೇದಿ ಆಗಿದ್ದರೆ ನೀರಿಗೆ ಇಳಿಸಬೇಡಿ, ಅದು ಬೇರೆಯವರ ಮಕ್ಕಳಿಗಾಗಿ. ನಿಮ್ಮ ಮಕ್ಕಳು ನೀರು ಬಾಯಿಗೆ ಹಾಕಿಕೊಳ್ಳದಂತೆ ಮೊದಲೇ ಹೇಳಿ, ಕಾರಂಜಿಯ ಕೆಳಗೆ ಬಾಯಿ ತೆರೆದು ನಿಲ್ಲುವ ಆಟ ಬೇಡ. ಕಣ್ಣು ಕೆಂಪಾಗುವುದನ್ನು, ಗಾಟು ವಾಸನೆಯನ್ನು ಜನ ಕ್ಲೋರಿನ್ ಜಾಸ್ತಿಯಾಗಿದೆ ಎನ್ನುತ್ತಾರೆ. ಮೂತ್ರ, ಬೆವರಿನ ಜೊತೆ ಕ್ಲೋರಿನ್ ಬೆರೆತಾಗ ಹುಟ್ಟುವ ವಾಸನೆ ಅದು.

ಮಾಮೂಲಿ ಡಯಾಪರ್ ನೀರಿಗೆ ಇಳಿದ ಐದೇ ನಿಮಿಷದಲ್ಲಿ ಕುಂಬಳಕಾಯಿ ಹಾಗೆ ಉಬ್ಬಿ ಒಡೆದು ಜೆಲ್ಲಿ ಉದುರಿಸುತ್ತದೆ. ಸ್ವಿಮ್ ಡಯಾಪರ್ ಎಂದೇ ಬೇರೆ ಸಿಗುತ್ತದೆ. ಅದು ಮೂತ್ರ ಹಿಡಿಯುವುದಿಲ್ಲ, ಗಟ್ಟಿ ಮಲವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಭೇದಿಯನ್ನು ತಡೆಯುವುದಿಲ್ಲ. ಗಂಟೆಗೊಮ್ಮೆ ತೆಗೆದು ನೋಡಿ, ಬದಲಾಯಿಸುವುದು ಕೊಳದ ದಂಡೆಯಲ್ಲಲ್ಲ, ಬಟ್ಟೆ ಬದಲಿಸುವ ಕೋಣೆಯಲ್ಲಿ. ಎರಡು-ಮೂರು ಊರಿಂದಲೇ ಒಯ್ಯಿರಿ.

ಕಿವಿ ಸೋರುವ ಮಗುವನ್ನು ಮುಳುಗಿಸಬಾರದು. ಒಳ್ಳೆಯ ಕಿವಿಗೆ ನೀರು ಹೋದರೆ ತಲೆ ಓರೆ ಮಾಡಿ ಟವಲ್ ಅಂಚಿನಲ್ಲಿ ಹೊರಗಿನಿಂದ ಒರೆಸಿದರೆ ಮುಗಿಯಿತು. ಬಿಸಿ ಮಾಡಿದ ಎಣ್ಣೆಯೂ ಬೇಡ, ಕಡ್ಡಿಯೂ ಬೇಡ.

ನಾಲ್ಕು ಗಂಟೆಯ ಲೆಕ್ಕ ಯಾಕೆ ಬೇಡ

ದಾವಣಗೆರೆಯಿಂದ ಬಿಡದಿಗೆ ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ದಾಟಿ, ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಬಂದರೆ ಸುಮಾರು 280 ಕಿ.ಮೀ. ಮಕ್ಕಳನ್ನು ಇಳಿಸುತ್ತಾ ಹತ್ತಿಸುತ್ತಾ ಆರು ಗಂಟೆಯ ದಾರಿ. ಪಾರ್ಕ್ ತೆರೆಯುವುದು ಹನ್ನೊಂದರ ಸುಮಾರಿಗೆ, ನೀರಿನ ರೈಡ್‌ಗಳು ಅದರ ನಂತರ. ಮೂರೂವರೆಗೆ ಎಬ್ಬಿಸಿದ ಪಾಪುವಿಗೆ ಸರಿಯಾಗಿ ನೀರಾಟದ ಹೊತ್ತಿಗೆ ನಿದ್ದೆ ಬರುತ್ತದೆ. ಮಲಗಿಸಲು ಜಾಗವಿಲ್ಲ, ಗದ್ದಲ. ಎರಡರ ಹೊತ್ತಿಗೆ ಕಾರಣವಿಲ್ಲದೆ ಅಳು, ಊಟ ಬೇಡ, ಎತ್ತಿಕೊಂಡರೂ ಬೇಡ. ದೃಷ್ಟಿ ತಾಗಿತೆಂದು ಅತ್ತೆ ನಿವಾಳಿಸುತ್ತಾರೆ. ನಿವಾಳಿಸಲಿ, ಆದರೆ ಬೇಕಿರುವುದು ಒಂದೂವರೆ ಗಂಟೆ ನಿದ್ದೆ. ರಾತ್ರಿಯ ದಾರಿಯಂತೂ ನಾನು ಹೆಚ್ಚು ಹೆದರುವಂಥದ್ದು. ದಿನವಿಡೀ ನೀರಲ್ಲಿದ್ದು ದಣಿದ ನಿಮ್ಮ ಮನೆಯವರು ಲಾರಿಗಳ ನಡುವೆ ಮತ್ತೆ ಆರು ಗಂಟೆ ಸ್ಟೀರಿಂಗ್ ಹಿಡಿಯಬೇಕು. ಇಡೀ ಪ್ರವಾಸದಲ್ಲಿ ದೊಡ್ಡ ಅಪಾಯ ಯಾವ ರೈಡಿನಲ್ಲೂ ಇಲ್ಲ, ಅಲ್ಲಿದೆ.

ಹಿಂದಿನ ದಿನ ಮಧ್ಯಾಹ್ನ ಊಟವಾದ ಮೇಲೆ ಹೊರಡಿ, ಪಾಪುವಿನ ನಿದ್ದೆಯೂ ದಾರಿಯಲ್ಲೇ ಆಗುತ್ತದೆ. ರಾತ್ರಿ ಬಿಡದಿ ಅಥವಾ ಕೆಂಗೇರಿ ಕಡೆ ತಂಗಿ. ಪಾಪು ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿನಲ್ಲಿರಲಿ. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿದರೆ ಅಪಘಾತದಲ್ಲಿ ಏರ್‌ಬ್ಯಾಗ್ ಅವಳನ್ನು ನಿಮ್ಮ ಎದೆಗೆ ಅಪ್ಪಳಿಸುತ್ತದೆ. ಹದಿನಾಲ್ಕರೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ತಪ್ಪಿದರೆ ಸಾವಿರ ರೂಪಾಯಿ ದಂಡ.

ದೊಡ್ಡವನ ವಾಂತಿಗೆ ಕಾರಣ ಕಣ್ಣು-ಕಿವಿಗಳ ಜಗಳ. ಒಳಕಿವಿ ಚಲಿಸುತ್ತಿದ್ದೇವೆ ಎನ್ನುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಮೊಬೈಲ್ ಕಿತ್ತಿಟ್ಟು ಹಿಂದಿನ ಸೀಟಿನ ನಡುವೆ, ಮುಂದಿನ ರಸ್ತೆ ಕಾಣುವಂತೆ ಕೂರಿಸಿ. ಅಲ್ಲಿ ಮೂರು ಕಡೆಯ ಬೆಲ್ಟ್ ಇರಬೇಕು. ಹೊರಡುವ ಒಂದು ಗಂಟೆ ಮೊದಲು ಇಡ್ಲಿ, ಮಂಡಕ್ಕಿ ಥರದ್ದು ಸ್ವಲ್ಪ. ಬೆಣ್ಣೆ ದೋಸೆ ತಿನ್ನಿಸಿ ಕಾರು ಹತ್ತಿಸಬೇಡಿ. ಖಾಲಿ ಹೊಟ್ಟೆಯೂ ಬೇಡ. ಗಂಟೆ-ಒಂದೂವರೆ ಗಂಟೆಗೊಮ್ಮೆ ಇಳಿಸಿ. ಇಷ್ಟಾದರೂ ವಾಂತಿಯಾದರೆ ಮಾತ್ರೆಯ ಮಾತು. ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಒಂಡಾನ್‌ಸೆಟ್ರಾನ್ ಪ್ರಯಾಣದ ವಾಂತಿಗೆ ಕೆಲಸ ಮಾಡುವುದಿಲ್ಲ. ಪ್ರೊಮೆಥಜಿನ್ ಮಾಡುತ್ತದೆ, ಆದರೆ ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು, ಮತ್ತು ಎರಡು ವರ್ಷದ ಒಳಗಿನವರಿಗೆ ಅದನ್ನು ಕೊಡಲೇಬಾರದು. ಉಸಿರಾಟವೇ ಕುಗ್ಗಬಹುದು. ಅಣ್ಣನ ಮಾತ್ರೆಯಲ್ಲಿ ಕಾಲು ಭಾಗ ಪಾಪುವಿಗೆ ಎನ್ನುವುದು ನಡೆಯಕೂಡದು.

ನೆಗಡಿ ಸಿರಪ್‌ಗೂ ಇದೇ ಉತ್ತರ. ಮಲಗಿಸಲು ಔಷಧಿ ಕೊಡಬಾರದು. ಕ್ಲೋರ್‌ಫೆನಿರಮಿನ್, ಫೆನೈಲೆಫ್ರಿನ್ ಬೆರೆಸಿದ ನೆಗಡಿ ಸಿರಪ್‌ಗಳನ್ನು ನಾಲ್ಕು ವರ್ಷದ ಒಳಗಿನವರಿಗೆ ಬಳಸಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. ಕೆಲವು ಮಕ್ಕಳಿಗೆ ಅದು ನಿದ್ದೆಯ ಬದಲು ಹುಚ್ಚೆದ್ದ ಹಾಗೆ ಕುಣಿತ ತರಿಸುತ್ತದೆ, ಅದೂ ಗೊತ್ತಿರಲಿ.

ಬಿಸಿಲು ಮತ್ತು ಚೀಲ

ಮಕ್ಕಳ ಮೈ ನಮಗಿಂತ ಬೇಗ ಕಾಯುತ್ತದೆ, ಬೆವರುವುದು ಕಡಿಮೆ, ಬಾಯಾರಿಕೆ ಆಡುವ ಗುಂಗಿನಲ್ಲಿ ಮರೆತುಹೋಗುತ್ತದೆ. ನೀರಲ್ಲೇ ಇದ್ದಾರಲ್ಲ ಎಂದು ನಾವೂ ಮರೆಯುತ್ತೇವೆ. ಪಾಪುವಿಗೆ ಮಾಮೂಲಿ ದಿನಕ್ಕೇ ಎಲ್ಲ ಸೇರಿ ಒಂದು ಲೀಟರ್ ದ್ರವ ಬೇಕು, ದೊಡ್ಡವನಿಗೆ ಒಂದು ಕಾಲು ಲೀಟರ್ ಮೇಲೆ. ಅಂದು ಇನ್ನೂ ಹೆಚ್ಚು. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಎಂದು ಇಟ್ಟುಕೊಳ್ಳಿ. ಆರು ಗಂಟೆ ಡಯಾಪರ್ ಒಣಗಿದ್ದರೆ ಅದು ಎಚ್ಚರಿಕೆ. ಹನ್ನೆರಡರಿಂದ ಮೂರರವರೆಗೆ ನೆರಳು ಅಥವಾ ಒಳಾಂಗಣದ ಆಟಗಳು. ಕಾಂಕ್ರೀಟು ನೆಲ ಆಗ ಕಾದ ಹೆಂಚು, ಬರಿಗಾಲಲ್ಲಿ ಓಡಿದರೆ ಅಂಗಾಲು ಬೊಕ್ಕೆ ಬರುತ್ತದೆ, ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿಸಿ. ಮೈ ಸುಡುತ್ತಾ ಮಂಕಾದ ಮಗುವಿಗೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ನೆರಳು, ಒದ್ದೆ ಬಟ್ಟೆ, ಗಾಳಿ, ಕೂಡಲೇ ವೈದ್ಯರು.

ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಲೋಟಕ್ಕೆ ಚಿಟಿಕೆ ಎಂದು ಅಂದಾಜಿನಲ್ಲಿ ಬೆರೆಸಿದರೆ ಉಪ್ಪು ಹೆಚ್ಚಾಗಿ ತೊಂದರೆ. ಆ ರಗಳೆ ಬೇಡವೆಂದರೆ 200 ಮಿ.ಲೀ.ಯ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಜ್ಯೂಸಿನಂಥ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದೆಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇರುವುದನ್ನೇ ಕೊಳ್ಳಿ.

ಪ್ಯಾರಾಸಿಟಮಾಲ್ ಸಿರಪ್ ಎರಡು ಥರ ಬರುತ್ತದೆ: 5 ಮಿ.ಲೀ.ಗೆ 120-125 ಮಿ.ಗ್ರಾಂ. ಒಂದು, 250 ಇನ್ನೊಂದು. ಹತ್ತೂವರೆ ಕೆ.ಜಿ.ಗೆ ಮೊದಲನೆಯದಾದರೆ 5 ಮಿ.ಲೀ., ಎರಡನೆಯದಾದರೆ 2.5. ಬಾಟಲಿಯ ಮೇಲಿನ ಅಂಕೆ ಓದಿಯೇ ಕೊಡಿ. ಹೊರಗಿನ ಊಟ ಪಾರ್ಕ್ ಒಳಗೆ ಬಿಡುವುದಿಲ್ಲ, ಕೂಸಿನ ಊಟಕ್ಕೆ ಸಾಮಾನ್ಯವಾಗಿ ವಿನಾಯಿತಿ ಇದೆ. ಉಳಿದವರು ಬಿಡದಿಯ ತಟ್ಟೆ ಇಡ್ಲಿ ತಿಂದೇ ಒಳಗೆ ಹೋಗಿ. ಮಕ್ಕಳ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಬರೆದು ಮೇಲೆ ಪಾರದರ್ಶಕ ಟೇಪು ಅಂಟಿಸಿ. ಒಳಗೆ ಹೋಗುವ ಮುನ್ನ ಅಂದಿನ ಬಟ್ಟೆಯಲ್ಲೇ ಒಂದೊಂದು ಫೋಟೊ. ಕಳೆದುಹೋದಾಗ ಯಾವ ಬಣ್ಣ ಹಾಕಿದ್ದಳು ಎಂಬುದು ಹೆತ್ತವಳಿಗೂ ನೆನಪಾಗುವುದಿಲ್ಲ.

ಹಾಗಾದರೆ ಏನು ಮಾಡುವುದು

ನಿಮಗಿರುವ ದಾರಿಗಳಲ್ಲಿ ಒಂದು, ಪಾಪುವನ್ನು ಅತ್ತೆಯ ಜೊತೆ ಊರಲ್ಲೇ ಬಿಡುವುದು. ದಿನವೂ ನೋಡಿಕೊಳ್ಳುವ ಅಜ್ಜಿಯಾದರೆ ಮಗುವಿಗೆ ಒಂದೆರಡು ದಿನದ ಅಳು ಬಿಟ್ಟರೆ ಹಾನಿಯಿಲ್ಲ. ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ನಿಮಗೇ ಕಷ್ಟ. ಅತ್ತೆಗೂ ಪಾರ್ಕಿನ ಆಸೆ ಇದ್ದರೆ ಈ ದಾರಿ ನ್ಯಾಯವಲ್ಲ, ಕೇಳಿ ನೋಡಿ. ಇನ್ನೊಂದು, ಎರಡು ವರ್ಷ ಕಾಯುವುದು. ಆಗ ಪಾಪುವಿಗೂ ರೈಡ್ ಸಿಗುತ್ತದೆ, ನೆನಪೂ ಉಳಿಯುತ್ತದೆ. ಆದರೆ ಐದು ವರ್ಷದವನಿಗೆ ಎರಡು ವರ್ಷ ಎಂದರೆ ಯಾವತ್ತೂ ಇಲ್ಲ ಎಂದ ಹಾಗೆ. ನನ್ನ ಮತ ಎಲ್ಲರೂ ಹೋಗುವುದಕ್ಕೇ ಇದೆ, ಎರಡು ರಾತ್ರಿ ಹೊರಗೆ ತಂಗುವುದಾದರೆ. ಮೂರೂವರೆ-ನಾಲ್ಕಕ್ಕೆ ಪಾಪುವನ್ನು ಕರೆದುಕೊಂಡು ನೀವೂ ಅತ್ತೆಯೂ ಕೋಣೆಗೆ ಮರಳಿ, ದೊಡ್ಡ ಹುಡುಗರಿಬ್ಬರ ಜೊತೆ ನಿಮ್ಮ ಮನೆಯವರೂ ನಾದಿನಿಯೂ ಉಳಿಯಲಿ. ನಿಮ್ಮ ಟಿಕೆಟಿನ ಅರ್ಧ ದುಡ್ಡು ಹೋಯಿತೆಂದು ಲೆಕ್ಕ ಹಾಕಬೇಡಿ. ಟಿಕೆಟ್ ವಸೂಲಿ ಮಾಡಲು ಹೋಗಿಯೇ ಮಕ್ಕಳು ಕೆಡುವುದು. ಕ್ಯೂ ತಪ್ಪಿಸುವ ದುಬಾರಿ ಟಿಕೆಟ್ ನಿಮಗೆ ಬೇಡ, ಮಕ್ಕಳ ರೈಡ್‌ಗಳಲ್ಲಿ ಅಷ್ಟು ಕ್ಯೂ ಇರುವುದಿಲ್ಲ. ದಸರೆಯ ಹಬ್ಬದ ದಿನಗಳನ್ನೂ ವಾರಾಂತ್ಯವನ್ನೂ ಬಿಟ್ಟು ಮಂಗಳವಾರ-ಬುಧವಾರ ನೋಡಿ. ಡಿಸೆಂಬರ್-ಜನವರಿಗೆ ಮುಂದೂಡಿದರೆ ವಾರದ ದಿನಗಳಲ್ಲೂ ಶಾಲಾ ಪ್ರವಾಸದ ಬಸ್ಸುಗಳು ತುಂಬಿರುತ್ತವೆ.

ಅದಕ್ಕೂ ಮೊದಲು ಒಂದು ಭಾನುವಾರ ಆನಗೋಡಿನ ಕಿರು ಮೃಗಾಲಯಕ್ಕೋ ಚಿತ್ರದುರ್ಗದ ಆಡುಮಲ್ಲೇಶ್ವರಕ್ಕೋ ಹೋಗಿ ಬನ್ನಿ. ಎಷ್ಟು ದೂರ ನಡೆಯುತ್ತಾಳೆ, ಯಾವ ಹೊತ್ತಿಗೆ ಹಟ ಶುರು, ಚೀಲದಲ್ಲಿ ಏನು ಮರೆತಿರಿ ಎಲ್ಲವೂ ಅಲ್ಲೇ ತಿಳಿಯುತ್ತದೆ.

ಕೊನೆಯದಾಗಿ ಕಿವಿ. ಚುಚ್ಚಿಸಿದ ಹಾಲೆ ಒಳಗಿನಿಂದ ಮಾಯಲು ಆರು ವಾರ ಬೇಕು. ಹೊರಗೆ ಒಣಗಿದಂತೆ ಕಂಡರೂ ಕೊಳದ ನೀರು ತಾಗಿದರೆ ಕೀವು ಆಗಬಹುದು. ದಸರೆಗೆ ಆರು ವಾರ ತುಂಬಿದ್ದರೆ ಅಡ್ಡಿಯಿಲ್ಲ. ತುಂಬಿರದಿದ್ದರೆ ಪಾಪು ಸೊಂಟದವರೆಗಿನ ನೀರಾಟ ಆಡಲಿ, ತಲೆ ನೆನೆಯುವುದು ಬೇಡ. ಓಲೆಯನ್ನು ಮಾತ್ರ ಬಿಚ್ಚಬೇಡಿ, ಈಗ ಬಿಚ್ಚಿದರೆ ತೂತು ಮುಚ್ಚಿಕೊಳ್ಳುತ್ತದೆ. ತಿರುಪು ಬಿಗಿಯಾಗಿದೆಯೇ ಎಂದು ಹೊರಡುವ ಮುನ್ನ ನೋಡಿ.